ಹನ್ನೊಂದನೆಯ ಪಟ್ಟಿ

ಕುತೈಸಿಯಲ್ಲಿ ಆ ಬೇಸಿಗೆ ನಲವತ್ತು ಮಣಿಕಟ್ಟುಗಳಿಗೆ
ನಲವತ್ತು ಕರಿ ರಬ್ಬರ್ ಪಟ್ಟಿ ಕಟ್ಟಿ ಬಂದೆ.
ಬಿಚ್ಚಬೇಡಿ, ಮೀಯುವಾಗಲೂ ಇರಲಿ,
ಎರಡು ವಾರ ಅಷ್ಟೇ, ಎಂದೆ.
ಆಸ್ಪತ್ರೆಯವರ ಪ್ರಶ್ನೆಗಳು ನನ್ನ ಚೀಲದಲ್ಲಿದ್ದವು:
ತುರಿಸಿತೇ? ನಾಲ್ವರ ನಡುವೆ ನಾಚಿಕೆಯಾಯಿತೇ?
ಒಂದರಿಂದ ಐದರೊಳಗೆ ಎಷ್ಟು ಒಗ್ಗಿತು?

ಬಸ್ಸಿನಲ್ಲಿ ಟಿಕೆಟು ಹರಿಯುವವಳು ತೋಳು ಎಳೆದು ಮುಚ್ಚಿಕೊಂಡಳು,
ಕಾಯಿಲೆಯವಳು ಅಂದುಕೊಂಡಾರು ಅಂತ.
ಗಣಿತದ ಮೇಷ್ಟ್ರು ಪಾಠದ ನಡುವೆ
ಗಳಿಗೆಗೊಮ್ಮೆ ತಮ್ಮನ್ನೇ ಇಣುಕಿ ನೋಡಿಕೊಂಡು
ಮೂರನೇ ದಿನ ಬಿಚ್ಚಿಟ್ಟರು:
"ಸುಮ್ಮನಿದ್ದ ಎದೆಗೆ ಇದೇ ದಿಗಿಲು ಕಲಿಸಿತು."

ಹನ್ನೊಂದನೆಯದು ಜುಂಬೇರ್‌ನದು. ರೊಟ್ಟಿ ಸುಡುವವನು.
ಹಂಡೆಯಂಥ ಮಣ್ಣೊಲೆಯೊಳಕ್ಕೆ
ಸೊಂಟದವರೆಗೂ ಬಾಗಿ, ಕಾಲು ಗಾಳಿಗೆತ್ತಿ,
ಒಳಗೋಡೆಗೆ ಹಿಟ್ಟು ಬಡಿದು ಮೇಲೇಳುತ್ತಾನೆ
ಹೊಳೆಯಲ್ಲಿ ಮುಳುಗಿ ಎದ್ದವನ ಹಾಗೆ.
ಅವನ ಕೈಯಲ್ಲಿ ಒಂದು ಕೂದಲೂ ಇಲ್ಲ.

ಅವನ ಗ್ರಾಫು ನಲವತ್ತರಲ್ಲೇ ಚೆಂದ.
ಒಂದು ತಾಸೂ ತಪ್ಪಿಲ್ಲ. ಬೆಂಕಿಯ ಸುಳಿವೂ ಇಲ್ಲ.
ಹಗಲೆಲ್ಲ ಎಪ್ಪತ್ತು, ಎಪ್ಪತ್ತೆರಡು.
ರಾತ್ರಿ ಮಾತ್ರ, ಮೂರು ಗಂಟೆ ಹತ್ತು ನಿಮಿಷಕ್ಕೆ,
ಹದಿನಾಲ್ಕು ರಾತ್ರಿಯೂ,
ಧಸಕ್ಕೆಂದು ನೂರು ದಾಟಿ
ಬೆಳಗಿನ ಏಳರವರೆಗೂ ಪೂರ್ತಿ ಇಳಿಯದ ಗೆರೆ.

ಕೇಳಿದೆ. ಹಿಟ್ಟಿನ ಕೈ ಒರೆಸಿಕೊಂಡು ನಕ್ಕ:
"ಮೊದಲ ದಿನವೇ ರಬ್ಬರು ಕಮಟು ಹೊಡೀತು ಮಗಳೇ.
ನಿನ್ನ ಲೆಕ್ಕ ತಪ್ಪಬಾರದಲ್ಲ,
ಮನೆಯವಳಿಗೆ ಕಟ್ಟಿದೆ. ಅವಳದು ಗಟ್ಟಿ ಎದೆ."

ಲಮಾರಾ ಬಸ್ ನಿಲ್ದಾಣದವರೆಗೂ ಬಂದಳು.
ಮೂರೂ ಹತ್ತಕ್ಕೆ ಏನಾಗುತ್ತೆ, ಎಂದೆ.
"ಬಾಗಿಲು ಮೆಲ್ಲಗೆ ಎಳೆದುಕೊಂಡು ಒಲೆಗೆ ಹೋಗ್ತಾನೆ.
ನಾನು ನಿದ್ದೆಯಲ್ಲಿರ್ತೀನಿ ಅಂತ ತಿಳಿದಿದ್ದಾನೆ,
ಮೂವತ್ತೊಂದು ವರ್ಷದಿಂದ."
ಮತ್ತೆ ಏಳಕ್ಕೆ?
"ಹುಡುಗ ಬಿಸಿ ರೊಟ್ಟಿ ತಂದುಕೊಡ್ತಾನೆ."

ಪಟ್ಟಿ ಕಳಚಿದಳು. ಮಣಿಕಟ್ಟಿನ ಸುತ್ತ
ಬಿಸಿಲು ಕಾಣದ ಬೆಳ್ಳನೆ ಬಳೆಯೊಂದು ಉಳಿಯಿತು.
"ಐದು ಅಂತ ಬರಕೋ," ಎಂದಳು, ಅದನ್ನೇ ಉಜ್ಜುತ್ತಾ.
"ಗೆರೆ ಮಾತ್ರ ಅವನಿಗೆ ತೋರಿಸಬೇಡ."

ಬೇರೆಯವರು ಕಟ್ಟಿಕೊಂಡಿದ್ದರೆ
ಆ ಸಾಲನ್ನು ಹೊಡೆದುಹಾಕಬೇಕು, ನಿಯಮ ಹಾಗಿದೆ.
ಹೊಡೆದೆ.
ಪೆನ್ಸಿಲಿನಲ್ಲಿ.