ಒಂದು ಬೆರಳು ಗಿಡ್ಡ

ತನ್ನ ಮದುವೆಯ ಬಿಳಿ ಸೀರೆಯನ್ನು
ನನ್ನ ಮಿಷನ್ನಿನ ಮೇಲಿಟ್ಟು
ಸೆಗುಲ್ಲಾಬಾಯಿ ವಾಕ್ರೂಲ್ಕರ್ ಅಂದಳು:
‘ಇದರಲ್ಲೊಂದು ಅಂಗಿ ಆಗಬೇಕು.’
ಯಾರಿಗೆ, ಮೊಮ್ಮಗಳಿಗಾ?
‘ಅಲ್ಲ, ಪುಸ್ತಕಕ್ಕೆ.’

ಆಗ್ರಿಪಾಡಾದ ಈ ಮೆಟ್ಟಿಲ ಕೆಳಗೆ ಇಪ್ಪತ್ತೆಂಟು ವರ್ಷ ಕೂತು
ಕುಬಸ, ಲಂಗ, ಬ್ಯಾಂಡಿನವರ ಕೆಂಪು ಕೋಟು,
ಸತ್ತವರ ಪ್ಯಾಂಟು ಬಿಚ್ಚಿ ಇದ್ದವರಿಗೆ ಚಡ್ಡಿ
ಎಲ್ಲ ಹೊಲಿದಿದ್ದೇನೆ.
ಪುಸ್ತಕಕ್ಕೆ ಎದೆ ಎಷ್ಟು, ಸೊಂಟ ಎಷ್ಟು?

ಬಾ, ಅಳತೆ ತಗೋ, ಎಂದು ಕರೆದೊಯ್ದಳು.
ಹಝಾನ್ ರಹಾಮಿಮ್ ಕಪಾಟು ತೆರೆದು
ಜ್ವರ ಬಂದ ಕೂಸನ್ನೆತ್ತುವಂತೆ ಎತ್ತಿಕೊಂಡ.
ತೊಗಲಿಗೆ ಕೈ ತಾಗಿಸಬಾರದು.
ನಾನು ಗಾಳಿಯಲ್ಲೇ ಟೇಪು ಹಿಡಿದೆ.
ಒಂದು ಗಳಿಗೆ ಸುರುಳಿ ಬಿಚ್ಚಿ ತೋರಿಸಿದರೆ
ನನ್ನ ಕಣ್ಣು ಅಕ್ಷರ ಬಿಟ್ಟು ಹೊಲಿಗೆಗೆ ಹೋಯಿತು:
ಹಾಳೆಗೆ ಹಾಳೆ ಕೂಡಿಸಿದ್ದು ನೂಲಲ್ಲ, ನರ.
‘ಒಂದಕ್ಷರ ಬಿರಿದರೂ ಇಡೀ ಸುರುಳಿ ಓದುವಂತಿಲ್ಲ’
ಅಂದ ರಹಾಮಿಮ್.
ಗೊತ್ತು ಮಾರಾಯ, ಒಂದೆಳೆ ಬಿಟ್ಟರೆ
ಕಂಕುಳವೇ ಬಾಯಿ ಬಿಡುತ್ತದೆ.

‘ಉಣ್ಣೆ, ನಾರು ಬೆರೆಸಬೇಡ’ ಎಂದು
ಮುದುಕಿ ದಿನಾ ಬಂದು ಕೂತಳು
ಗುಂಡಿಯ ಡಬ್ಬಿಯ ಪಕ್ಕ.
ಕತ್ತರಿಗೆ ಕಿವಿಯಿದ್ದಂತೆ ಮಾತಾಡಿದಳು.

ಯಾವ ಕಾಲವೋ, ನವಗಾಂವದ ಕಡಲಲ್ಲಿ ಹಡಗು ಒಡೆಯಿತಂತೆ.
ದಡ ಸೇರಿದ್ದು ನಾಲ್ಕಾರು ಗಂಡು, ನಾಲ್ಕಾರು ಹೆಣ್ಣು,
ಪುಸ್ತಕಗಳೆಲ್ಲ ಮೀನಿನ ಪಾಲು.
ನಾಲಗೆ ಮೇಲೆ ಒಂದೇ ಸಾಲು ಉಳಿದಿತ್ತು:
ಕೇಳು, ಇಸ್ರಾಯೇಲೇ.
ಕೇಳುವುದಕ್ಕೆ ಇನ್ನೇನೂ ಇರಲಿಲ್ಲ.
ಗಾಣ ಹಾಕಿದರು, ಎಣ್ಣೆ ಮಾರಿದರು,
ಶನಿವಾರ ಮಾತ್ರ ನೊಗ ಗೋಡೆಗೆ.
ಯಾಕೆಂದು ಊರಿಗೆ ಗೊತ್ತಿಲ್ಲ, ತಮಗೂ ಗೊತ್ತಿಲ್ಲ.
ಮಕ್ಕಳು ಕೇಳಿದರೆ ಅಜ್ಜ ಹೇಳುತ್ತಿದ್ದನಂತೆ:
ಎತ್ತು ಮಲಗಿದೆ, ನೀನೂ ಮಲಗು.

‘ಬೆಟ್ಟದ ಬುಡದಲ್ಲಿ ನಮ್ಮವರು ಅಂದಿದ್ದರಪ್ಪಾ,
ಮಾಡುತ್ತೇವೆ, ಆಮೇಲೆ ಕೇಳುತ್ತೇವೆ ಅಂತ.
ಉಳಿದವರೆಲ್ಲ ಅದನ್ನು ಓದಿ ತಿಳಿದರು.
ನಾವು ನೋಡು, ಎಷ್ಟೋ ತಲೆಮಾರು
ಬರೀ ಮಾಡಿದೆವು.
ಪುಸ್ತಕ ಬಂದಾಗ ಅದಕ್ಕಿಂತ ಮೊದಲೇ
ಎತ್ತು ಅದನ್ನು ಓದಿಬಿಟ್ಟಿತ್ತು.’

ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ.
ದಾರ ಎರಡು ಸಲ ತಪ್ಪಿತು.

ಶಾವೂತ್ ರಾತ್ರಿ. ಅವರು ಮಲಗುವುದಿಲ್ಲ.
ಹಿಂದೊಮ್ಮೆ, ಕೊಡುವ ದಿನದ ಬೆಳಿಗ್ಗೆ
ಜನ ನಿದ್ದೆ ಹೊಡೆದಿದ್ದರಂತೆ, ಅದರ ಸಾಲ ಇನ್ನೂ ತೀರಿಲ್ಲ.
ನಾನು ಬಾಗಿಲ ಆಚೆ ಚಪ್ಪಲಿಗಳ ಜೊತೆ.
ಬೆವರು, ಸೊಳ್ಳೆ, ದೂರ ಸೆಂಟ್ರಲ್ ಕಡೆಯ ರೈಲಿನ ಕೂಗು,
ಒಳಗೆ ಓದು, ಆಕಳಿಕೆ, ಚಹಾ, ಮತ್ತೆ ಓದು.
ಬೆಳಗಾದಾಗ ಎಣಿಸಿದರೆ ಒಂಬತ್ತೇ ಜನ.
ಹತ್ತಾಗದೆ ಸುರುಳಿ ಹೊರಬರದು.
ನನ್ನನ್ನು ಎಣಿಸುವಂತಿಲ್ಲ, ಆ ಮಾತು ನಾನೂ ಎತ್ತಲಿಲ್ಲ.
ಪರೇಲಿನಿಂದ ಸ್ಯಾಮ್ಸನ್ ನಡೆದು ಬರಬೇಕು,
ಹಬ್ಬದ ದಿನ ಗಾಡಿ ಹತ್ತುವವನಲ್ಲ.
ಹಾಲಿನವನು ಬಂದ, ಪೇಪರಿನವನು ಬಂದ,
ಕೊನೆಗೆ ಏದುಸಿರು ಬಿಡುತ್ತ ಕೆಟ್ಟ ಮೊಣಕಾಲಿನ ಸ್ಯಾಮ್ಸನ್.
ನಾನೇ ಓಡಿ ಹೇಳಿದೆ: ಬಂದ, ಬಂದ!

ಕಪಾಟು ತೆರೆಯಿತು. ಎಲ್ಲರೂ ಎದ್ದು ನಿಂತರು.
ಬಿಳಿ ಅಂಗಿ ತೊಟ್ಟು ಅದು ಹೊರಬಂತು,
ಜರಿಯಂಚು ಕೊರಳಿಗೆ.
ಆಗ ಕಂಡೆ:
ಕೆಳಗೆ ಒಂದು ಬೆರಳು ಗಿಡ್ಡ.
ಅಂಚಿನಡಿ ತೊಗಲು ಇಣುಕುತ್ತಿದೆ.
ಇಪ್ಪತ್ತೆಂಟು ವರ್ಷದ ಕೈ!
ನೆಲ ನೋಡುತ್ತ ನಿಂತೆ.

ಹತ್ತು ಮಾತು ಓದಿ ಮುಗಿದ ಮೇಲೆ
ಸ್ಟೀಲಿನ ಬಟ್ಟಲಲ್ಲಿ ಖೀರು ತಂದಳು ಮುದುಕಿ.
ತಪ್ಪಾಯಿತು ಬಾಯಿ, ಬಿಚ್ಚಿ ಹೊಲಿದು ಕೊಡುತ್ತೇನೆ, ಅಂದೆ.
‘ಅಂಗಿ ಗಿಡ್ಡವಾಯಿತು ಅಂದರೆ ಏನೋ ಅರ್ಥ?
ಐದು ಹೆತ್ತವಳು ನಾನು, ನನಗೆ ಕಲಿಸಬೇಡ.
ಕೂಸು ಬೆಳೆದಿದೆ.
ಬರುವ ವರ್ಷ ಮತ್ತೆ ಅಳತೆ ತಗೋ.
ಖೀರು ಆರುತ್ತದೆ, ಕುಡಿ.’