ಒಪ್ಪೋಲೆ

ಕಳಿಸು ಎಂಬ ಗುಂಡಿ ಒತ್ತಿದ ಮೇಲೆಯೇ
ಕಣ್ಣು ಕಾಣುವುದು ಜನಕ್ಕೆ.
ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ
ಬಫಲೋದ ಈ ಲಾ ಸ್ಕೂಲಿನ ಪ್ರವೇಶ ವಿಭಾಗದಲ್ಲಿ.
ಕಿಟಕಿಯಾಚೆ ಈರೀ ಸರೋವರದ ಹಿಮ ಅಡ್ಡಡ್ಡ ಬೀಳುವಾಗ,
ಕಾಲ ಬಳಿ ಹೀಟರು ಮುದಿ ನಾಯಿಯಂತೆ ಗೊರಕೆ ಹೊಡೆಯುವಾಗ
ಬಂದು ಬೀಳುತ್ತವೆ ತಿದ್ದುಪಡಿಗಳು.

ಒಬ್ಬ ಕೊನೆಯ ಸಾಲಿನಲ್ಲಿ
ಬೇರೆ ಕಾಲೇಜಿನ ಹೆಸರು ಹಾಗೇ ಬಿಟ್ಟಿರುತ್ತಾನೆ,
ಮದುವೆಯ ಹೊತ್ತಿಗೆ ಹಳೆಯ ಹುಡುಗಿಯ ಹೆಸರು
ಬಾಯಿಗೆ ಬಂದ ಹಾಗೆ.
ಒಬ್ಬಳಿಗೆ ನಡುರಾತ್ರಿ ನೆನಪಾಗುತ್ತದೆ
ಹತ್ತೊಂಬತ್ತನೇ ವಯಸ್ಸಿನ ಹಾಸ್ಟೆಲು, ಹಾಸಿಗೆಯಡಿಯ ಬಿಯರು,
ವಾರ್ಡನ್ ಬರೆದುಕೊಂಡ ಚೀಟಿ:
'ಇಲ್ಲ' ಎಂದು ಗುರುತು ಹಾಕಿದ್ದೆ, ದಯವಿಟ್ಟು 'ಹೌದು' ಮಾಡಿ.
ಇನ್ನೊಬ್ಬ ಒಂದೇ ರಾತ್ರಿ ಮೂರು ಕಳಿಸಿದ.
ಎರಡನೆಯದು ಮೊದಲನೆಯದರ ತಪ್ಪಿಗೆ,
ಮೂರನೆಯದು, ಎರಡನೆಯದರಲ್ಲಿ
ತನ್ನ ಹೆಸರನ್ನೇ ತಪ್ಪು ಬರೆದದ್ದಕ್ಕೆ.

ಅಳಿಸುವುದಿಲ್ಲ ನಾವು. ಅದು ನಿಯಮ.
ತಪ್ಪು ತಾನಿದ್ದಲ್ಲೇ ಇರುತ್ತದೆ,
ಒಪ್ಪು ಬಂದು ಫೈಲಿನ ಬಾಲಕ್ಕೆ ಸೇರುತ್ತದೆ.
ಫೋನು ಮಾಡಿ ಕೇಳುತ್ತಾರೆ, ಇದರಿಂದ ತೊಂದರೆಯೇ?
ನನಗೆ ಅನುಮತಿ ಇರುವುದು ಒಂದೇ ಮಾತಿಗೆ:
ಫೈಲಿಗೆ ಸೇರಿಸಿದ್ದೇವೆ.
ಆಚೆಯಿಂದ ಉಸಿರು ಕೇಳುತ್ತದೆ. ಥ್ಯಾಂಕ್ಸ್ ಅನ್ನುತ್ತಾರೆ.
ಆದರೆ ಫೋನು ಇಡುವುದಿಲ್ಲ.

ಈ ಜನವರಿಯಲ್ಲಿ ಬಂದದ್ದು ಕೋರಿನ್ ವ್ರೊಬೆಲ್‌ಳದು.
ಲ್ಯಾಕವಾನಾದವಳು, ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೂ
ಅಲ್ಲೇ ಉಳಿದವರ ಮೊಮ್ಮಗಳು.
ಅವಳ ಪ್ರಬಂಧ ಓದಿದ್ದೆ (ಓದಬೇಕಿಲ್ಲ, ಓದುತ್ತೇನೆ):
ಮನೆ ಖಾಲಿ ಮಾಡಿ ಎಂದು ಬಾಗಿಲಿಗೆ ನೋಟೀಸು ಅಂಟಿಸಿದ ಸಂಜೆ
ಅಣ್ಣ ಗ್ಯಾರೆಟ್ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ
ಒಂದೊಂದು ಪದಕ್ಕೂ ಬೆರಳಿಟ್ಟು ಓದಿದ.
ನೋಡು, ನಮಗಿನ್ನೂ ಹದಿನಾಲ್ಕು ದಿನ ಇದೆ ಅಂದ.
ನನಗೊಬ್ಬ ಅಣ್ಣ ಇದ್ದ. ಕಾನೂನು ನನಗೆ
ಇವತ್ತಿಗೂ ಕೇಳಿಸುವುದು ಅವನ ದನಿಯಲ್ಲೇ.
ಅಷ್ಟು ಓದಿ, ಎದ್ದು ಹೋಗಿ ಕಾಫಿ ತಂದುಕೊಂಡಿದ್ದೆ.

ಈಗ ಈ ಕಾಗದ:
ಎರಡನೇ ಪುಟ, ಮೂರನೇ ಪ್ಯಾರಾ,
'ಇದ್ದ' ಎಂದಿರುವಲ್ಲಿ 'ಇದ್ದಾನೆ' ಎಂದು ಓದಿಕೊಳ್ಳಿ.
ಕೈತಪ್ಪಿ ಆದದ್ದಲ್ಲ. ಸತ್ತನೆಂದು ನೀವು ತಿಳಿಯಲಿ ಎಂದೇ ಬರೆದೆ.
ಜೈಲಿನಲ್ಲಿದ್ದಾನೆ, ಇನ್ನಾರು ವರ್ಷ.
ತಿಂಗಳ ಎರಡನೇ ಭಾನುವಾರ ಹೋಗುತ್ತೇನೆ.
ಹೋದ ಸಲ ಪ್ರಬಂಧ ಒಯ್ದು ಕೊಟ್ಟೆ.
ಬೆರಳಿಟ್ಟುಕೊಂಡೇ ಓದಿದ.
ಚೆನ್ನಾಗಿದೆ ಅಂದ.
ನಾನು ಸತ್ತದ್ದು ಯಾವಾಗ, ಅಂತ ಕೇಳಿದ.

ಕೆಳಗೆ ಸಹಿ. ಇನ್ನೇನೂ ಇಲ್ಲ.

ಒಂದು ದೀರ್ಘ, ಒಂದು ಅಕ್ಷರ.
ಅಷ್ಟಕ್ಕೆ ಒಬ್ಬ ಎದ್ದು ಕೂರುತ್ತಾನೆ.

ಸಮಿತಿಯ ಇಬ್ಬರು ಹಳೆಯ ಪ್ರೊಫೆಸರುಗಳಿಗೆ
ಇನ್ನೂ ಎಲ್ಲ ಕಾಗದದಲ್ಲೇ ಬೇಕು. ಕಟ್ಟು ನಾನೇ ಮಾಡುವುದು:
ಅರ್ಜಿ, ಅಂಕಪಟ್ಟಿ, ಪ್ರಬಂಧ,
ಅವಳನ್ನು ಹೊಗಳಿದ ಮೂವರ ಪತ್ರಗಳು,
ಎಲ್ಲಕ್ಕೂ ಹಿಂದೆ ತಿದ್ದುಪಡಿ.
ಎಣಿಸಿದೆ. ಆ 'ಇದ್ದ'ದಿಂದ ಈ 'ಇದ್ದಾನೆ'ಯ ತನಕ ಒಂಬತ್ತು ಹಾಳೆ.
ಒಂಬತ್ತು ಹಾಳೆಯುದ್ದಕ್ಕೂ ಅವನು ಸತ್ತೇ ಇರಬೇಕು.

ಸ್ಟೇಪ್ಲರು ಕೆಳಗಿಟ್ಟೆ.
ಕಾಗದ ಎತ್ತಿ ಪ್ರಬಂಧದ ಬೆನ್ನಿಗೇ ಇಟ್ಟೆ,
ಆಮೇಲೆ ಹೊಡೆದೆ ಪಿನ್ನು.
ಯಾರಾದರೂ ಕೇಳಿದರೆ
ಕೈತಪ್ಪಿತು ಅನ್ನುತ್ತೇನೆ.

ಮಧ್ಯಾಹ್ನ ಅವಳ ಫೋನು ಬಂತು.
ಫೈಲಿಗೆ ಸೇರಿಸಿದ್ದೇವೆ ಅಂದೆ.
ಥ್ಯಾಂಕ್ಸ್ ಅಂದಳು. ಇಡಲಿಲ್ಲ.
ಆಗ ಕಣ್ಣಿಗೆ ಬಿತ್ತು
ಕಾಗದದ ನೆತ್ತಿಯಲ್ಲಿ ಹೋದ ವರ್ಷದ ಇಸವಿ.
ಜನವರಿಯಲ್ಲಿ ಎಲ್ಲರ ಕೈಯೂ ಹಾಗೆಯೇ.
ಹೇಳಲಿಲ್ಲ ನಾನು.