ದೇಚಮ್ಮ, ಈ ಪಿಚ್ಚರು ನೋಡು

ಕಥೆ ಏನು ಅಂತ ಕೇಳಬೇಡ ದೇಚಮ್ಮ,
ಕಥೆಯೇ ಇಲ್ಲ. ಒಂದು ಓಮ್ನಿ, ಏಳು ಜನ,
ಒಬ್ಬರ ಜೊತೆ ಒಬ್ಬರಿಗೆ ಮಾತಿಲ್ಲ.
ಬೇಕಾದ್ದನ್ನೆಲ್ಲ ನಾಯಿಗೆ ಹೇಳುತ್ತಾರೆ:
‘ಏ, ಅವಳಿಗೆ ಹೇಳು, ಉಪ್ಪು ಇತ್ತ ತಳ್ಳಲಿ.’
ನಾಯಿ ಆಕಳಿಸುತ್ತದೆ. ಅಲ್ಲಿಗೆ ಮಧ್ಯಂತರ.

ಆಮೇಲೆ ಅಜ್ಜಿಯ ಹಲ್ಲಿನ ಸೆಟ್ಟು ಪಂದಿಕರಿಯಲ್ಲಿ...
ಬೇಡ, ಹೇಳಿದರೆ ಕೆಟ್ಟೀತು.

ಭಾನುವಾರ ಟಿವಿಯಲ್ಲಿ ಬಂತು.
ಗೋಣಿಕೊಪ್ಪದ ನಮ್ಮ ಗೋಡೆ ಗೊತ್ತಲ್ಲ,
ಈಚೆ ಅಪ್ಪ, ಆಚೆ ಉತ್ತಯ್ಯ ಚಿಕ್ಕಪ್ಪ,
ನಡುವೆ ಹನ್ನೊಂದು ವರ್ಷ,
ತಾತನ ಒಂದೇ ಒಂದು ಕೋವಿ.

ಹಲ್ಲು ಬಿದ್ದದ್ದೇ ಅಪ್ಪ ನಕ್ಕ,
ಕಾಫಿ ಮೂಗಿಗೆ ಹತ್ತಿತು.
ಒಂದು ಗಳಿಗೆ ತಡವಾಗಿ
ಗೋಡೆ ನಕ್ಕಿತು.
(ಅವರದು ಬೇರೆ ಡಿಶ್ಶು.)

ಅಪ್ಪ ರಿಮೋಟು ತಡಕಾಡಿ ಸದ್ದು ತಗ್ಗಿಸಿದ.
ಯಾಕಪ್ಪ, ಅಂದೆ.
‘ಕಿವಿನೋವು’ ಎಂದು
ನಾಯಿಗೆ ಹೇಳಿದ.